ಬೆನ್ನ ಹಿಂದೆ ಉಳಿದ ಆದೇಶ

1984ರ ಏಪ್ರಿಲ್ 3ರಂದು ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಸೋಯುಜ್ ನೌಕೆಯೇರಿ ಹೊರಟಾಗ ಅವರಿಗೆ 35 ವರ್ಷ. ಸಲ್ಯೂತ್-7 ನಿಲ್ದಾಣದಲ್ಲಿ ಕೆಲಸ ಮುಗಿಸಿ ಏಪ್ರಿಲ್ 11ರಂದು ನೆಲಕ್ಕಿಳಿದರು. ಆ ಅವಧಿಯಲ್ಲಿ ನೆಲದ ಮೇಲಿದ್ದವರಿಗೆ ಎಷ್ಟು ವಯಸ್ಸಾಯಿತೋ ಅವರಿಗೆ ಅಷ್ಟಾಗಿರಲಿಲ್ಲ. ವ್ಯತ್ಯಾಸ ತೀರಾ ಸಣ್ಣದು. ಒಂದು ಸೆಕೆಂಡನ್ನು ಐದು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುತ್ತಿತ್ತು, ಆ ವೇಗವೇ ಇದಕ್ಕೆ ಕಾರಣ.

ಬಾಹ್ಯಾಕಾಶಕ್ಕೆ ಹೋದವರಿಗೆ ವಯಸ್ಸಾಗುವುದು ನಿಧಾನ ಎಂಬ ಮಾತು ನಮಗೆಲ್ಲ ಅರ್ಧಂಬರ್ಧ ಗೊತ್ತು. ಸಿನಿಮಾದಲ್ಲಿ ನೋಡಿದ್ದೇವೆ. ಹರಿಕಥೆ ಕೇಳಿ ಬೆಳೆದವರಿಗೆ ಭಾಗವತದ ಕಕುದ್ಮಿ ರಾಜನ ನೆನಪಾಗಬಹುದು: ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ, ಅಲ್ಲಿ ನಡೆಯುತ್ತಿದ್ದ ಗಾಯನ ಮುಗಿಯಲೆಂದು ಕಾದ, ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿ ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೆಲ್ಲ ಇಲ್ಲವಾಗಿದ್ದರು. ಆ ಕತೆಯಲ್ಲಿ ವೇಗದ ಪ್ರಸ್ತಾಪವಿಲ್ಲ. ಒಂದೊಂದು ಲೋಕಕ್ಕೆ ಒಂದೊಂದು ಕಾಲಮಾನವೆಂಬ ಕಲ್ಪನೆಯಿದೆ, ಅಷ್ಟೆ. ಅದನ್ನು ಭೌತಶಾಸ್ತ್ರವೆಂದು ಕರೆದರೆ ಕತೆಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಆದರೆ ಹಿಂದಿರುಗಿ ಬಂದವನಿಗೆ ತನ್ನವರು ಯಾರೂ ಉಳಿದಿರುವುದಿಲ್ಲವೆಂಬ ಸಂಕಟವನ್ನು ಅದು ಸರಿಯಾಗಿಯೇ ಹಿಡಿದಿದೆ.

ಈ ಅಧ್ಯಾಯದಲ್ಲಿ ಆ ಸಂಕಟವನ್ನು ಲೆಕ್ಕ ಹಾಕಿ ನೋಡೋಣ. ಅದಕ್ಕೊಂದು ಸಂದರ್ಭ ಬೇಕು. ಎರಡು ನಕ್ಷತ್ರಗಳ ನಡುವೆ ಯುದ್ಧ ಶುರುವಾಗಿದೆ. ಆಗಷ್ಟೇ ಸೇನೆಗೆ ಸೇರಿದ 24 ವರ್ಷದ ಒಬ್ಬ ಲೆಫ್ಟಿನೆಂಟ್ ಇದ್ದಾಳೆ. ಅವಳು ಬದುಕಿ ಉಳಿಯಬೇಕು, ಹೋಗಬೇಕು, ವಾಪಸ್ ಬರಬೇಕು. ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣು ಆಯುಧಗಳ ಮೇಲಿರುತ್ತದೆ. ನನಗೆ ಮುಖ್ಯವೆನಿಸುವುದು ಬೇರೆ: ಅವಳಿಗೆ ಆದೇಶ ಯಾವಾಗ ತಲುಪುತ್ತದೆ, ಮತ್ತು ತಲುಪುವ ಹೊತ್ತಿಗೆ ಅದಕ್ಕೆ ಅರ್ಥ ಉಳಿದಿರುತ್ತದೆಯೇ?

ಗ್ವಾಮಿನಲ್ಲಿ ಕೇಳಿದ ಫಿರಂಗಿ

1898ರ ಜೂನ್ 20ರಂದು ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ ಬಂದರಿಗೆ ಅಮೆರಿಕದ ಚಾರ್ಲ್‌ಸ್ಟನ್ ಯುದ್ಧನೌಕೆ ಬಂತು. ದ್ವೀಪ ಸ್ಪೇನಿನ ಕೈಯಲ್ಲಿತ್ತು. ನೌಕೆ ಅಲ್ಲಿನ ಹಳೆಯ ಕೋಟೆಯತ್ತ ಗುಂಡು ಹಾರಿಸಿತು. ಸ್ವಲ್ಪ ಹೊತ್ತಿಗೆ ಸ್ಪೇನಿನ ಅಧಿಕಾರಿಗಳು ದೋಣಿಯಲ್ಲಿ ನೌಕೆಯ ಬಳಿ ಬಂದರು. ತಮಗೆ ಗೌರವವಂದನೆ ಸಂದಿದೆ ಎಂದುಕೊಂಡಿದ್ದ ಅವರು, ಪ್ರತಿವಂದನೆ ಸಲ್ಲಿಸಲು ತಮ್ಮಲ್ಲಿ ಮದ್ದಿಲ್ಲವೆಂದು ಕ್ಷಮೆ ಕೇಳಿದರು. ಎರಡೂ ದೇಶಗಳ ನಡುವೆ ಏಪ್ರಿಲ್‌ನಲ್ಲೇ ಯುದ್ಧ ಘೋಷಣೆಯಾಗಿದೆ, ತಾವೀಗ ಕೈದಿಗಳು ಎಂಬುದು ಅವರಿಗೆ ತಿಳಿದದ್ದು ಆ ನೌಕೆಯ ಮೇಲೆಯೇ. ಮರುದಿನ ದ್ವೀಪ ಶರಣಾಯಿತು.

ಯುದ್ಧ ಶುರುವಾಗಿ ಸುಮಾರು ಎರಡು ತಿಂಗಳಾಗಿದ್ದರೂ ಆ ಅಧಿಕಾರಿಗಳ ಪಾಲಿಗೆ ಶಾಂತಿಯೇ ಇತ್ತು. ಸುದ್ದಿ ಬರಬೇಕಾದದ್ದು ಹಡಗಿನಲ್ಲಿ. ಆ ಹಡಗಿಗಿಂತ ಮೊದಲು ಶತ್ರುವಿನ ಹಡಗು ಬಂತು.

ಆಮೇಲೆ ಎಲ್ಲೆಡೆ ಹರಡಿದ ತಂತಿ, ರೇಡಿಯೊ, ಉಪಗ್ರಹಗಳು ಭೂಮಿಯ ಮೇಲೆ ಈ ತೊಂದರೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದವು. ರೇಡಿಯೊ ಅಲೆಯೂ ಬೆಳಕಿನದೇ ಒಂದು ರೂಪ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಅದರ ವೇಗ. ಚಂದ್ರನಿಗೆ ಒಂದೂಕಾಲು ಸೆಕೆಂಡು ಸಾಕು. ಮಂಗಳಕ್ಕೆ, ಅದು ಎಲ್ಲಿದೆಯೆನ್ನುವುದರ ಮೇಲೆ, 3ರಿಂದ 22 ನಿಮಿಷ. ನಕ್ಷತ್ರಗಳ ಮಾತಿಗೆ ಬಂದರೆ ಎಣಿಕೆ ವರ್ಷಗಳಲ್ಲಿ. ಸೂರ್ಯನಿಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಬರಲು 4.24 ವರ್ಷ ಬೇಕು. ನಮ್ಮ ಲೆಕ್ಕಕ್ಕೆ ನಾನು ಆರಿಸಿಕೊಂಡಿರುವುದು ಟ್ರಾಪಿಸ್ಟ್-1 ಎಂಬ ಸಣ್ಣ ಕೆಂಪು ನಕ್ಷತ್ರವನ್ನು. ಕುಂಭ ರಾಶಿಯ ದಿಕ್ಕಿನಲ್ಲಿ, 40.7 ಜ್ಯೋತಿರ್ವರ್ಷ ದೂರದಲ್ಲಿದೆ. ಭೂಮಿಯ ಗಾತ್ರದ ಏಳು ಗ್ರಹಗಳು ಅದನ್ನು ಸುತ್ತುತ್ತಿವೆಯೆಂದು 2017ರಲ್ಲಿ ಪ್ರಕಟವಾದಾಗ ಜಗತ್ತಿಡೀ ಸಂಭ್ರಮಿಸಿತು. ಮನುಷ್ಯರು ಮುಂದೊಂದು ದಿನ ಅಲ್ಲಿ ನೆಲೆಸಿದ್ದಾರೆ, ಹಲವು ತಲೆಮಾರುಗಳ ನಂತರ ಭೂಮಿಯ ಮೇಲೆ ಮುನಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ.

ಸುದ್ದಿಯ ಹಿಂದೆಯೇ ಏಟು

ಟ್ರಾಪಿಸ್ಟಿನವರು ಬೆಳಕಿನ ವೇಗದ 99.9%ರಷ್ಟು ವೇಗದಲ್ಲಿ ಒಂದು ಕಿಲೋ ತೂಕದ ಲೋಹದ ತುಂಡನ್ನು ಭೂಮಿಯತ್ತ ಎಸೆಯುತ್ತಾರೆ. ಅದರಲ್ಲಿ ಸಿಡಿಮದ್ದಿನ ಅಗತ್ಯವೇ ಇಲ್ಲ. ಆ ವೇಗದ ಒಂದು ಕಿಲೋ ವಸ್ತು ಹೊತ್ತಿರುವ ಶಕ್ತಿ ಸುಮಾರು 460 ಮೆಗಾಟನ್ ಟಿಎನ್‌ಟಿಗೆ ಸಮ. 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ, ಇದುವರೆಗಿನ ಅತಿ ದೊಡ್ಡ ಬಾಂಬಿನ ಒಂಬತ್ತರಷ್ಟು.

ಅದನ್ನು ಎಸೆದಾಗ ಎದ್ದ ಜ್ವಾಲೆಯ ಬೆಳಕು ನಮ್ಮ ದೂರದರ್ಶಕಗಳಿಗೆ ತಲುಪಲು 40.7 ವರ್ಷ ಬೇಕು. ತುಂಡು ಬರುವುದೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ, ಆದ್ದರಿಂದ ಅದು ಆ ಬೆಳಕಿಗಿಂತ ಬರೀ 15 ದಿನ ತಡವಾಗಿ ಬಂದು ಬಡಿಯುತ್ತದೆ. 40 ವರ್ಷ ಹಾದಿ ಸವೆಸಿದ ಏಟಿಗೆ 15 ದಿನದ ಮುನ್ನೆಚ್ಚರಿಕೆ! ತುಂಡಿನ ವೇಗ ಬೆಳಕಿನ 99% ಮಾತ್ರ ಇದ್ದಿದ್ದರೆ ಐದು ತಿಂಗಳು ಸಿಗುತ್ತಿತ್ತು. ವೇಗ ಬೆಳಕಿನದಕ್ಕೆ ಹತ್ತಿರವಾದಷ್ಟೂ ಸುದ್ದಿಗೂ ಏಟಿಗೂ ನಡುವಿನ ಅಂತರ ಕುಗ್ಗುತ್ತ ಹೋಗುತ್ತದೆ.

ಇಂಥ ದಾಳಿಯಲ್ಲಿ ಯಾರು ಉಳಿಯುತ್ತಾರೆ? ಭೂಮಿ ಇನ್ನು 40 ವರ್ಷಕ್ಕೆ ತನ್ನ ಕಕ್ಷೆಯಲ್ಲಿ ಎಲ್ಲಿರುತ್ತದೆಂದು ಇವತ್ತೇ ಹೇಳಬಹುದು. ಗ್ರಹಣಗಳನ್ನು ನೂರಾರು ವರ್ಷ ಮುಂಚಿತವಾಗಿ ಲೆಕ್ಕ ಹಾಕಿಡುವುದು ಇದೇ ಖಚಿತತೆಯಿಂದ. ನಗರ, ಸೇನಾನೆಲೆ, ಬಂದರು ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ತನ್ನಿಚ್ಛೆಯಂತೆ ಎಂಜಿನ್ ಹೊತ್ತಿಸಿ ದಾರಿ ಬದಲಿಸುವ ಒಂದು ಗಸ್ತು ನೌಕೆ 40 ವರ್ಷದ ನಂತರ ಎಲ್ಲಿರುತ್ತದೆಂದು ಗುರಿಯಿಟ್ಟವರಿಗೆ ತಿಳಿಯುವ ಬಗೆಯಿಲ್ಲ. ನಮ್ಮ ಲೆಫ್ಟಿನೆಂಟ್ ಆ ದಿನ ಅಂಥ ನೌಕೆಯಲ್ಲಿದ್ದಳು, ಅದರಿಂದ ಬದುಕಿದಳು. ಶೌರ್ಯಕ್ಕೆ ಇಲ್ಲಿ ಮಾಡಲು ಕೆಲಸವಿರಲಿಲ್ಲ.

ಮೊದಲ ಏಟು ಕೊಡಲು ನಿರ್ಧರಿಸಿದವರಿಗೆ ಆಗ 35 ವಯಸ್ಸಾಗಿತ್ತೆಂದರೆ, ಅದು ಇಲ್ಲಿ ಬಂದು ಬಿದ್ದ ದಿನ ಅವರಿಗೆ 75 ದಾಟಿರುತ್ತದೆ. ಭೂಮಿಯಿಂದ ಒಂದು ದಳ ಟ್ರಾಪಿಸ್ಟಿಗೆ ಹೊರಡುತ್ತದೆ, ನಮ್ಮ ಲೆಫ್ಟಿನೆಂಟ್ ಅದರಲ್ಲಿದ್ದಾಳೆ. ಅದು ತಲುಪಲು ಇನ್ನೂ 40 ವರ್ಷದ ಮೇಲೆ ಬೇಕು. ಯಾರ ಮೇಲಿನ ಸಿಟ್ಟಿಗೆ ಹೋಗುತ್ತಿದ್ದಾಳೋ ಅವರ ಮೊಮ್ಮಕ್ಕಳ ಎದುರು ಅವಳು ನಿಲ್ಲಬೇಕು. ಅಷ್ಟು ವರ್ಷ ಅವಳಾದರೂ ಬದುಕಿರುತ್ತಾಳೆಯೇ? ಇರುತ್ತಾಳೆ, ಮೂವತ್ತೆರಡರ ಹರೆಯವೂ ದಾಟಿರುವುದಿಲ್ಲ. ಅದು ಹೇಗೆಂದು ತಿಳಿಯಲು ಬೆಳಕಿನ ಸ್ವಭಾವ ತಿಳಿಯಬೇಕು.

ಯಾರು ಅಳೆದರೂ ಒಂದೇ

ಓಡುವ ರೈಲಿನಲ್ಲಿ ಮಗುವೊಂದು ಚೆಂಡನ್ನು ನೆಟ್ಟಗೆ ಮೇಲೆಸೆದು ಹಿಡಿಯುತ್ತಿದೆ. ಎದುರು ಸೀಟಿನಲ್ಲಿ ಕೂತ ಅಜ್ಜಿಗೆ ಚೆಂಡು ನೇರ ಮೇಲೆ ಹೋಗಿ ನೇರ ಕೆಳಗೆ ಬರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಯೊಳಗೆ ನೋಡುವವರಿಗೆ ಅದೇ ಚೆಂಡು ಮೇಲೇರುತ್ತಲೇ ರೈಲಿನ ಜೊತೆ ಮುಂದಕ್ಕೂ ಸಾಗುತ್ತದೆ. ಅವರ ಲೆಕ್ಕದಲ್ಲಿ ಚೆಂಡು ಕ್ರಮಿಸಿದ ದಾರಿ ಉದ್ದ. ಆದರೆ ಅವರ ಲೆಕ್ಕದಲ್ಲಿ ಚೆಂಡಿನ ವೇಗವೂ ಹೆಚ್ಚು, ಏಕೆಂದರೆ ರೈಲಿನ ವೇಗ ಅದಕ್ಕೆ ಕೂಡಿಕೊಂಡಿದೆ. ದಾರಿ ಉದ್ದ, ವೇಗವೂ ಹೆಚ್ಚು. ಹೀಗಾಗಿ ಚೆಂಡು ಮೇಲೆ ಹೋಗಿ ಬರಲು ಹಿಡಿದ ಸಮಯ ಅಜ್ಜಿಗೂ ಹೊರಗಿನವರಿಗೂ ಒಂದೇ. ಜಗಳಕ್ಕೆ ಕಾರಣವಿಲ್ಲ.

ಚೆಂಡಿನ ಜಾಗದಲ್ಲಿ ಬೆಳಕಿನ ಒಂದು ಮಿಣುಕನ್ನು ಇಡಿ. ಕೆಳಗೊಂದು ಕನ್ನಡಿ, ಮೇಲೊಂದು ಕನ್ನಡಿ, ನಡುವೆ ಮಿಣುಕು ಮೇಲೆ ಕೆಳಗೆ ಪುಟಿಯುತ್ತದೆ. ಒಂದು ಸಲ ಹೋಗಿ ಬಂದರೆ ಒಂದು ಟಿಕ್. ಇದನ್ನು ಬೆಳಕಿನ ಗಡಿಯಾರ ಎನ್ನೋಣ. ಇದು ನಮ್ಮ ಲೆಫ್ಟಿನೆಂಟಿನ ನೌಕೆಯಲ್ಲಿದೆ. ಅವಳಿಗೆ ಮಿಣುಕು ನೇರ ಮೇಲೆ, ನೇರ ಕೆಳಗೆ. ಭೂಮಿಯಿಂದ ನೋಡುವವರಿಗೆ, ನೌಕೆ ಮುಂದೋಡುತ್ತಿರುವುದರಿಂದ, ಮಿಣುಕಿನ ದಾರಿ ಓರೆ ಮತ್ತು ಉದ್ದ. ಇಷ್ಟರವರೆಗೆ ಚೆಂಡಿನ ಕತೆಯೇ. ಬೇರೆಯಾಗುವುದು ಇಲ್ಲಿ: ನೌಕೆಯ ವೇಗ ಬೆಳಕಿಗೆ ಕೂಡಿಕೊಳ್ಳುವುದಿಲ್ಲ. ಬೆಳಕಿನ ವೇಗ ಲೆಫ್ಟಿನೆಂಟ್ ಅಳೆದರೂ ಅಷ್ಟೇ, ಭೂಮಿಯವರು ಅಳೆದರೂ ಅಷ್ಟೇ. 1905ರಲ್ಲಿ ಐನ್‌ಸ್ಟೈನ್ ಇದನ್ನು ನಿಸರ್ಗದ ನಿಯಮವೆಂದು ಒಪ್ಪಿಕೊಂಡು, ಹಾಗೆ ಒಪ್ಪಿದರೆ ಮುಂದೇನಾಗುತ್ತದೆಂದು ಧೈರ್ಯದಿಂದ ಯೋಚಿಸಿದರು.

ಆಗುವುದಿಷ್ಟು. ದಾರಿ ಉದ್ದವಾಗಿದೆ, ವೇಗ ಹೆಚ್ಚಾಗಿಲ್ಲ. ಹಾಗಾದರೆ ಭೂಮಿಯವರ ಲೆಕ್ಕದಲ್ಲಿ ಒಂದು ಟಿಕ್‌ಗೆ ಹೆಚ್ಚು ಸಮಯ ಹಿಡಿಯಲೇಬೇಕು. ಅವರ ಗಡಿಯಾರ ಹಲವು ಸಲ ಟಿಕ್ ಎನ್ನುವಷ್ಟರಲ್ಲಿ ನೌಕೆಯದು ಒಮ್ಮೆ ಟಿಕ್ ಎನ್ನುತ್ತದೆ. ನೌಕೆಯ ವೇಗ ಬೆಳಕಿನದಕ್ಕೆ ಹತ್ತಿರವಾದಷ್ಟೂ ಓರೆ ದಾರಿ ಉದ್ದವಾಗುತ್ತದೆ, ಟಿಕ್ ಅಪರೂಪವಾಗುತ್ತದೆ. ಬೆಳಕಿನ ವೇಗದ 99.9%ರಲ್ಲಿ ಅಲ್ಲಿನ ಒಂದು ಟಿಕ್‌ಗೆ ಇಲ್ಲಿ 22 ಟಿಕ್.

ಇದು ಕನ್ನಡಿ ಗಡಿಯಾರದ ದೋಷವೇನೋ, ಕೈಗಡಿಯಾರವಾದರೆ ಸರಿಹೋದೀತೇನೋ ಎಂದು ಅನುಮಾನ ಬರಬಹುದು. ನೌಕೆಯೊಳಗೆ ಕೈಗಡಿಯಾರ ಒಂದು ಲೆಕ್ಕ, ಕನ್ನಡಿ ಗಡಿಯಾರ ಇನ್ನೊಂದು ಲೆಕ್ಕ ತೋರಿಸಿದರೆ ಕಿಟಕಿಯಾಚೆ ನೋಡದೆಯೇ ಲೆಫ್ಟಿನೆಂಟ್ ತನ್ನ ವೇಗ ಹೇಳಬಲ್ಲಳು. ಒಂದೇ ವೇಗದಲ್ಲಿ ತೇಲುವ ನೌಕೆಯಲ್ಲಿ ಅದು ಸಾಧ್ಯವಿಲ್ಲ, ಅಲ್ಲಿನ ಎಲ್ಲ ಪ್ರಯೋಗಗಳೂ ನಿಂತ ನೌಕೆಯಲ್ಲಿ ನಡೆದಂತೆಯೇ ನಡೆಯುತ್ತವೆ. ಹಾಗಾಗಿ ಕೈಗಡಿಯಾರ, ನಾಡಿಬಡಿತ, ತಲೆಗೂದಲು ನರೆಯುವುದು, ಎಲ್ಲವೂ ಕನ್ನಡಿ ಗಡಿಯಾರದ ಜೊತೆಗೇ ಸಾಗಬೇಕು. ಹಿಗ್ಗಿದ್ದು ಕಾಲವೇ. ಅವಳಿಗೆ ಏನೂ ನಿಧಾನವಾದಂತೆ ಅನಿಸುವುದಿಲ್ಲ.

ಕೋಲಾರದ ಗಣಿಯವರೆಗೆ ಇಳಿದು ಬಂದವು

ಇದಕ್ಕೆ ಸಾಕ್ಷಿ ನಮ್ಮ ಮೈಮೇಲೆಯೇ ಸುರಿಯುತ್ತಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಅಣುಗಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರ್ ಕ್ರಮಿಸೀತು. ಲೆಕ್ಕದ ಪ್ರಕಾರ ಮ್ಯೂಆನ್‌ಗಳು ನಡುದಾರಿಯಲ್ಲೇ ಅಳಿಯಬೇಕು. ಆದರೆ ಅವು ನೆಲಕ್ಕೆ ಬರುತ್ತವೆ, ನೆಲದೊಳಕ್ಕೂ ಇಳಿಯುತ್ತವೆ.

ಎಷ್ಟು ಆಳಕ್ಕೆ? ಅದನ್ನು ಅಳೆಯಲು ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಿಸಿಕೊಂಡದ್ದು ಕೋಲಾರದ ಚಿನ್ನದ ಗಣಿಯನ್ನು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿ 1951ರಲ್ಲಿ ಉಪಕರಣಗಳನ್ನು ಕೆ.ಜಿ.ಎಫ್. ಗಣಿಗೆ ಇಳಿಸಿ ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಲು ತೊಡಗಿದರು. ಆಳಕ್ಕೆ ಹೋದಂತೆ ಎಣಿಕೆ ಇಳಿಯುತ್ತ ಬಂತು. ಮ್ಯೂಆನ್‌ಗಳ ಗದ್ದಲ ಅಡಗಿದ ಆ ಆಳದಲ್ಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತು, ಅದು ಬೇರೆಯೇ ದೊಡ್ಡ ಕತೆ. ನಮ್ಮ ಕತೆಗೆ ಬೇಕಾದದ್ದು ಇಷ್ಟು: ಗಣಿಯೊಳಗೆ ಎಣಿಸಿದ ಪ್ರತಿಯೊಂದು ವಿಶ್ವಕಿರಣ ಮ್ಯೂಆನ್ ತನ್ನ ಆಯುಸ್ಸಿನ ಅಂದಾಜನ್ನು ಎಷ್ಟೋ ಪಟ್ಟು ಮೀರಿ ದಾರಿ ನಡೆದಿತ್ತು. ಅದರ ವೇಗ ಬೆಳಕಿನದಕ್ಕೆ ಅಷ್ಟು ಹತ್ತಿರವಿದ್ದುದರಿಂದ ಅದರ ಗಡಿಯಾರದಲ್ಲಿ ಆಯುಸ್ಸು ಇನ್ನೂ ಮುಗಿದಿರಲಿಲ್ಲ.

ಲೆಕ್ಕವನ್ನು ಅಂಕಿಯಲ್ಲಿ ತೋರಿಸಿದವರು ಎಂಐಟಿಯ ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್. 1,900 ಮೀಟರಿಗೂ ಎತ್ತರದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಗಂಟೆಗೆ ಸುಮಾರು 563 ಮ್ಯೂಆನ್‌ಗಳನ್ನು ಎಣಿಸಿ, ಆಮೇಲೆ ಸಮುದ್ರಮಟ್ಟದಲ್ಲಿ ಎಣಿಸಿದರು. ಕಾಲ ಹಿಗ್ಗದಿದ್ದರೆ ಕೆಳಗೆ ಸುಮಾರು 27 ಉಳಿಯಬೇಕಿತ್ತು. ಸಿಕ್ಕಿದ್ದು 412. 1963ರಲ್ಲಿ ಪ್ರಕಟವಾದ ಈ ಎಣಿಕೆ ನನಗೆ ಬಹಳ ಇಷ್ಟ. ಸೂತ್ರ ಬಾರದವರೂ ಎರಡು ಅಂಕಿಗಳನ್ನು ಹೋಲಿಸಿ ಒಪ್ಪಬಹುದಾದ ಸಾಕ್ಷಿ ಅದು.

ಅಣ್ಣ ಮತ್ತು ತಂಗಿ

ನಮ್ಮ ಲೆಫ್ಟಿನೆಂಟಿಗೆ ಒಬ್ಬ ಅವಳಿ ಅಣ್ಣನಿದ್ದಾನೆ. ಮೊದಲ ದಾಳಿಯಲ್ಲಿ ಅವನೂ ಉಳಿದಿದ್ದಾನೆ. ತಂಗಿ ಹೊರಡುತ್ತಾಳೆ.

ಮನುಷ್ಯರ ಮೈ ಏಕಾಏಕಿ ವೇಗ ತಾಳುವುದಿಲ್ಲ. ಅದಕ್ಕೆ ಪ್ರತಿ ಸೆಕೆಂಡೂ ಸೆಕೆಂಡಿಗೆ 9.8 ಮೀಟರಿನಷ್ಟು ವೇಗ ಕೂಡುತ್ತ ಹೋಗುವುದು ಹಿತ. ಆಗ ನೌಕೆಯ ನೆಲದ ಮೇಲೆ ನಿಂತವರಿಗೆ ಭೂಮಿಯ ಮೇಲಿದ್ದಷ್ಟೇ ತೂಕ ಅನಿಸುತ್ತದೆ, ಮೂಳೆ ಮಾಂಸಖಂಡಗಳು ಸವೆಯುವುದಿಲ್ಲ. ಅರ್ಧ ದಾರಿ ಹೀಗೆ ವೇಗ ಏರಿಸುತ್ತ, ಉಳಿದರ್ಧ ಎಂಜಿನ್ ತಿರುಗಿಸಿ ವೇಗ ಇಳಿಸುತ್ತ ಹೋದರೆ ನಡುದಾರಿಯ ವೇಗ ಬೆಳಕಿನ 99.9%ರಷ್ಟು. ಟ್ರಾಪಿಸ್ಟ್ ತಲುಪುವಾಗ ಭೂಮಿಯಲ್ಲಿ 42.6 ವರ್ಷ ಕಳೆದಿರುತ್ತದೆ. ಅವಳಿಗೆ 7 ವರ್ಷ 4 ತಿಂಗಳು.

ಇಂಥ ನೌಕೆ ಇವತ್ತು ಇಲ್ಲ, ನಾಳೆಗೂ ಇರುವುದಿಲ್ಲ. ನಾವು ಕಳಿಸಿದ್ದರಲ್ಲಿ ಅತಿ ದೂರ ಹೋದ ವಾಯೇಜರ್-1ರ ಈಗಿನ ವೇಗದಲ್ಲಿ ಟ್ರಾಪಿಸ್ಟಿಗೆ 7 ಲಕ್ಷ ವರ್ಷ ಬೇಕು. ದ್ರವ್ಯ ಮತ್ತು ಪ್ರತಿದ್ರವ್ಯ ಕೂಡಿಸಿ, ಹುಟ್ಟಿದ ಶಕ್ತಿಯಲ್ಲಿ ಒಂದಿಷ್ಟೂ ಪೋಲಾಗದಂತೆ ಹಿಂದಕ್ಕೆ ಬೆಳಕಾಗಿ ಚಿಮ್ಮಿಸುವ ಪರಿಪೂರ್ಣ ಎಂಜಿನ್ ಇದೆಯೆಂದುಕೊಂಡರೂ, ತಲುಪಿ ನಿಲ್ಲಬೇಕಾದ ಪ್ರತಿ ಒಂದು ಕಿಲೋಗೆ ಹೊರಡುವಾಗ 1,900 ಕಿಲೋಗೂ ಹೆಚ್ಚು ಇಂಧನ ಬೇಕು. ಅವಳ ದೇಹವೊಂದಕ್ಕೇ ನೂರು ಟನ್ ದಾಟುತ್ತದೆ. ಎಂಜಿನಿಯರಿಂಗ್ ಕಷ್ಟ ಅಷ್ಟಿದೆ. ಆದರೆ ಕಾಲದ ಲೆಕ್ಕದಲ್ಲಿ ಕಲ್ಪನೆಯೇನೂ ಇಲ್ಲ, ಅದು ಮ್ಯೂಆನ್‌ಗಳು ಪಾಲಿಸುವ ಲೆಕ್ಕವೇ.

ಚುರುಕು ಓದುಗರು ಇಲ್ಲಿ ತಡೆದು ಕೇಳಬೇಕು: ತಂಗಿಯ ಕಡೆಯಿಂದ ನೋಡಿದರೆ ಓಡುತ್ತಿರುವುದು ಅಣ್ಣನಲ್ಲವೇ? ಅವಳ ಲೆಕ್ಕದಲ್ಲಿ ಅವನ ಗಡಿಯಾರ ನಿಧಾನವಾಗಬೇಕಲ್ಲವೇ? ಇಬ್ಬರೂ ಒಂದೇ ವೇಗದಲ್ಲಿ ತೇಲುತ್ತ ದೂರವಾಗುತ್ತಲೇ ಇದ್ದರೆ ಇಬ್ಬರ ಮಾತೂ ಸರಿ, ಯಾರು ಕಿರಿಯರೆಂದು ತೀರ್ಮಾನಿಸಲು ಅವರು ಮತ್ತೆ ಒಂದೆಡೆ ಸೇರುವುದೇ ಇಲ್ಲ. ಸೇರಬೇಕೆಂದರೆ ಒಬ್ಬರು ತಿರುಗಿ ಬರಬೇಕು. ತಿರುಗಲು ಎಂಜಿನ್ ಬೇಕು, ಎಂಜಿನ್ ತಳ್ಳಿದ್ದು ತಂಗಿಯ ಮೈಗೆ ಗೊತ್ತಾಗುತ್ತದೆ. ಅಣ್ಣನನ್ನು ಯಾವ ಎಂಜಿನ್ನೂ ಎಲ್ಲಿಗೂ ತಳ್ಳಿಲ್ಲ. ಎರಡು ಭೇಟಿಗಳ ನಡುವೆ ಹೀಗೆ ದಾರಿ ಬದಲಿಸದೆ ಇದ್ದವರ ಗಡಿಯಾರದಲ್ಲೇ ಅತಿ ಹೆಚ್ಚು ಕಾಲ ಕಳೆಯುತ್ತದೆ.

ಹಿಂದಟ್ಟಿ ಬರುವ ಆದೇಶ

ಈಗ ಮೊದಲ ಪ್ರಶ್ನೆಗೆ ಬರೋಣ. ಅವಳು ಹೊರಟು ಮೂರು ವರ್ಷಕ್ಕೆ ಭೂಮಿಯಲ್ಲಿ ಸರ್ಕಾರ ಬದಲಾಗುತ್ತದೆ. ಹೊಸಬರು ಯುದ್ಧ ಬೇಡವೆಂದು ನಿರ್ಧರಿಸಿ, ಗುಂಡು ಹಾರಿಸದೆ ಹಿಂದಿರುಗಿ ಎಂದು ರೇಡಿಯೊದಲ್ಲಿ ಆದೇಶ ಕಳಿಸುತ್ತಾರೆ. ಆದೇಶ ಬೆಳಕಿನ ವೇಗದಲ್ಲಿ ಬರುತ್ತದೆ, ನೌಕೆ ಅದಕ್ಕಿಂತ ನಿಧಾನ. ಇಂದಲ್ಲ ನಾಳೆ ಹಿಡಿಯಲೇಬೇಕು.

ಎಲ್ಲಿ ಹಿಡಿಯುತ್ತದೆ? ನೌಕೆ ನಡುದಾರಿ ತಲುಪಿದಾಗ ಭೂಮಿಯಲ್ಲಿ 21.3 ವರ್ಷ ಕಳೆದಿದೆ, ನೌಕೆ ಇರುವುದು 20.35 ಜ್ಯೋತಿರ್ವರ್ಷ ದೂರದಲ್ಲಿ. ಎರಡನ್ನೂ ಕಳೆದು ನೋಡಿ. ಆ ಕ್ಷಣ ಅವಳ ಆಂಟೆನಾಗೆ ಬೀಳುತ್ತಿರುವ ಸುದ್ದಿ ಭೂಮಿಯಿಂದ ಹೊರಟದ್ದು ಅವಳು ಹೊರಟ 11 ತಿಂಗಳಿಗೆ. ಅವಳು 3 ವರ್ಷ 8 ತಿಂಗಳು ಪ್ರಯಾಣಿಸಿದ್ದಾಳೆ, ಊರಿನ 11 ತಿಂಗಳ ಸುದ್ದಿ ಕೇಳಿದ್ದಾಳೆ. ಅಲ್ಲಿಂದ ವೇಗ ಇಳಿಯುತ್ತದೆ, ಆದರೂ ಟ್ರಾಪಿಸ್ಟ್ ತಲುಪಿದ ದಿನ ಅವಳ ಬಳಿ ಇರುವುದು ಎರಡು ವರ್ಷಕ್ಕೂ ತುಸು ಕಡಿಮೆ ಅವಧಿಯ ಸುದ್ದಿ. ಮೂರನೇ ವರ್ಷದ ಆದೇಶ ಇನ್ನೂ ದಾರಿಯಲ್ಲಿದೆ. ಅದು ಬಂದು ಮುಟ್ಟುವುದು ಅವಳು ತಲುಪಿದ 13 ತಿಂಗಳ ನಂತರ. ಅಷ್ಟರಲ್ಲಿ ಆದೇಶ ಕೊಟ್ಟು 40 ವರ್ಷ ದಾಟಿದೆ. ಆ 13 ತಿಂಗಳಲ್ಲಿ ಅವಳು ಕೊಂದವರೂ, ಅವಳ ಕಡೆ ಸತ್ತವರೂ, ಅವಳ ಸರ್ಕಾರ ನಾಲ್ಕು ದಶಕದ ಹಿಂದೆಯೇ ಕೈಬಿಟ್ಟ ಯುದ್ಧದಲ್ಲಿ ಸತ್ತವರು.

ಇನ್ನೊಂದು ವಿಚಿತ್ರವಿದೆ. ಅವಳು ಎಂಜಿನ್ ತಿರುಗಿಸದೆ ಎಂದೆಂದಿಗೂ ಅದೇ ಬಗೆಯಲ್ಲಿ ವೇಗ ಏರಿಸುತ್ತ ಹೋದರೆ, ಅವಳು ಹೊರಟು ಸುಮಾರು 354 ದಿನ ಕಳೆದ ಮೇಲೆ ಭೂಮಿಯಿಂದ ಕಳಿಸಿದ ಯಾವ ಮಾತೂ ಅವಳಿಗೆ ತಲುಪುವುದೇ ಇಲ್ಲ. ಬೆಳಕು ಬೆನ್ನಟ್ಟುತ್ತಲೇ ಇರುತ್ತದೆ, ಅಂತರ ಕಿರಿದಾಗುತ್ತಲೇ ಇರುತ್ತದೆ, ಆದರೆ ಮುಟ್ಟುವುದಿಲ್ಲ.

ತಲುಪುವ ಮಾತೂ ಮೊದಲಿನಂತೆ ಇರುವುದಿಲ್ಲ. ನಡುದಾರಿಯ ವೇಗದಲ್ಲಿ ಭೂಮಿಯಿಂದ ಬರುವ ಅಲೆಗಳು 44 ಪಟ್ಟು ಹಿಗ್ಗಿರುತ್ತವೆ. 100 ಮೆಗಾಹರ್ಟ್ಸ್‌ನ ಎಫ್‌ಎಂ ಪ್ರಸಾರ ಕೇಳಬೇಕೆಂದರೆ ರೇಡಿಯೊವನ್ನು 2.3 ಮೆಗಾಹರ್ಟ್ಸ್‌ಗೆ ತಿರುಗಿಸಬೇಕು. ಒಂದು ನಿಮಿಷದಲ್ಲಿ ಓದಿದ ಆದೇಶ ಕಿವಿಗೆ ಬೀಳಲು 44 ನಿಮಿಷ. ಹಿಂದಿರುಗುವಾಗ ಎಲ್ಲ ತಿರುಗುಮುರುಗು. ಅಲೆಗಳು ಕುಗ್ಗಿ ನುಗ್ಗುತ್ತವೆ, ನಡುದಾರಿಯಲ್ಲಿ ಭೂಮಿಯ ಒಂದು ವರ್ಷದ ಸುದ್ದಿ ಅವಳಿಗೆ ಎಂಟೇ ದಿನದಲ್ಲಿ ಬಂದು ಮುಗಿಯುತ್ತದೆ. ವಾಪಸಾಗುವ 7 ವರ್ಷ 4 ತಿಂಗಳಲ್ಲಿ ಅವಳು 83 ವರ್ಷದ ಸುದ್ದಿ ಕೇಳಬೇಕು. ಅಣ್ಣನ ಮದುವೆ, ಅವನ ಮಕ್ಕಳು, ಅವನ ಸಾವು, ಎಲ್ಲ ಅದರಲ್ಲೇ ಬಂದು ಹೋಗುತ್ತವೆ. ಅವಳು ನೆಲಕ್ಕಿಳಿಯುವಾಗ ಅವಳಿಗೆ 40ರ ಆಸುಪಾಸು, ಅಣ್ಣ ಬದುಕಿದ್ದರೆ 110.

ಲುಬಾಂಗಿನ ಲೆಫ್ಟಿನೆಂಟ್

ಮುಗಿದ ಯುದ್ಧವನ್ನು ಮುಂದುವರಿಸಿದ ಅಧಿಕಾರಿ ಭೂಮಿಯ ಮೇಲೂ ಇದ್ದ. ಜಪಾನಿನ ಸೆಕೆಂಡ್ ಲೆಫ್ಟಿನೆಂಟ್ ಹಿರೋ ಒನೋಡಾನನ್ನು 1944ರ ಡಿಸೆಂಬರಿನಲ್ಲಿ ಫಿಲಿಪೀನ್ಸ್‌ನ ಲುಬಾಂಗ್ ದ್ವೀಪಕ್ಕೆ ಕಳಿಸಿದಾಗ ಅವನಿಗೆ 22 ವರ್ಷ. ಎಂಟೇ ತಿಂಗಳಲ್ಲಿ ಜಪಾನ್ ಸೋಲೊಪ್ಪಿತು. ಒನೋಡಾ ಕಾಡಿನಲ್ಲಿ ಯುದ್ಧ ಮುಂದುವರಿಸಿದ. 1974ರ ಮಾರ್ಚಿನಲ್ಲಿ ಅವನ ಹಿಂದಿನ ಮೇಲಧಿಕಾರಿ ಮೇಜರ್ ತಾನಿಗುಚಿ ಅಲ್ಲಿಗೇ ಹೋಗಿ ಆದೇಶ ಓದಿ ಹೇಳಿದ ಮೇಲಷ್ಟೇ ಆಯುಧ ಕೆಳಗಿಟ್ಟ. ಈ 29 ವರ್ಷಗಳಲ್ಲಿ ಅವನ ಮತ್ತು ಅವನ ಸಂಗಡಿಗರ ಕೈಯಲ್ಲಿ ಸತ್ತ ದ್ವೀಪವಾಸಿಗಳು ಸುಮಾರು 30. ಒನೋಡಾನ ನಿಷ್ಠೆಯನ್ನು ಹೊಗಳುವ ಬರಹಗಳು ಈ ಸಂಖ್ಯೆಯನ್ನು ಬಿಡುವುದು ನನಗೆ ತಪ್ಪಾಗಿ ಕಾಣುತ್ತದೆ.

ಅವನಿಗೆ ಸುದ್ದಿಯೇ ತಲುಪಿರಲಿಲ್ಲ ಎನ್ನುವಂತಿಲ್ಲ. ವಿಮಾನದಿಂದ ಕರಪತ್ರ ಸುರಿದಿದ್ದರು. ಅವು ಶತ್ರುವಿನ ಮೋಸವೆಂದು ಅವನು ನಂಬಿದ್ದ. ಟ್ರಾಪಿಸ್ಟಿನಲ್ಲಿರುವ ನಮ್ಮ ಲೆಫ್ಟಿನೆಂಟಿಗೂ ಇದೇ ಕಷ್ಟ ಬರುತ್ತದೆ. ಹಿಂದಿರುಗಿ ಎಂಬ ಮಾತು ರೇಡಿಯೊದಲ್ಲಿ ಬಂದಾಗ ಅದು ನಿಜವೋ ಸುಳ್ಳೋ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕೆಂದರೆ ಉತ್ತರಕ್ಕೆ 81 ವರ್ಷ ಕಾಯಬೇಕು. ಮೇಜರ್ ಒಬ್ಬರು ಬಂದು ಓದಿ ಹೇಳುವ ದಾರಿ ಅವಳಿಗಿಲ್ಲ. ನಕ್ಷತ್ರಗಳ ನಡುವೆ ಸೈನ್ಯ ಕಳಿಸುವ ಯಾವ ಸರ್ಕಾರವೂ ತನ್ನ ಅಧಿಕಾರಿಗೆ ಹೊರಡುವ ಮೊದಲೇ ಯುದ್ಧ ನಿಲ್ಲಿಸುವ ಪೂರ್ಣ ಅಧಿಕಾರ ಕೊಟ್ಟಿರಬೇಕು. ಇಪ್ಪತ್ತನಾಲ್ಕರ ಹುಡುಗಿಗೆ ಅಷ್ಟು ಕೊಡಲು ಮನಸ್ಸಿಲ್ಲದಿದ್ದರೆ ಕಳಿಸಬಾರದು.

ಕಾಯುವವರ ಪ್ರಯಾಣ

ಅಮೆರಿಕದ ಜೋ ಹಾಲ್ಡ್‌ಮನ್ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದಲ್ಲಿ ಪದವಿ ಪಡೆದ 1967ರಲ್ಲೇ ಅವರನ್ನು ಕಡ್ಡಾಯ ಸೇನಾಸೇವೆಗೆ ಕರೆದರು. ವಿಯೆಟ್ನಾಮಿನಲ್ಲಿ 1968ರಲ್ಲಿ ತೀವ್ರವಾಗಿ ಗಾಯಗೊಂಡರು. 1974ರಲ್ಲಿ ಅವರ ‘ದಿ ಫಾರೆವರ್ ವಾರ್’ ಕಾದಂಬರಿ ಬಂತು. ಅದರ ನಾಯಕ ಮಂಡೆಲ್ಲಾ ಭೌತಶಾಸ್ತ್ರ ಓದುತ್ತಿದ್ದಾಗ ಸೇನೆಗೆ ಸೇರಿಸಲ್ಪಟ್ಟವನು. ಅವನಿಗೆ ಯುದ್ಧ ಕೆಲವೇ ವರ್ಷಗಳದು, ಭೂಮಿಯಲ್ಲಿ ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ವರ್ಷ. ಪ್ರತಿಸಲ ವಾಪಸಾದಾಗ ಅವನಿಗೆ ಗೊತ್ತಿದ್ದ ಲೋಕ ಇನ್ನಷ್ಟು ದೂರ ಸರಿದಿರುತ್ತದೆ. ಯುದ್ಧದಿಂದ ಮನೆಗೆ ಬಂದ ಸೈನಿಕನ ಪರಕೀಯತೆಯನ್ನು ಹೇಳಲು ಕಾಲದ ಹಿಗ್ಗುವಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ಬಳಸಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಅದರ ಕೊನೆಯಲ್ಲಿ ಮಂಡೆಲ್ಲಾನ ಸಂಗಾತಿ ಮೇರಿಗೇ ಅವನಿಗಾಗಿ ಕಾಯುವ ಬಗೆ ಚತುರವಾದದ್ದು. ಅವಳು ಐದು ಜ್ಯೋತಿರ್ವರ್ಷ ಹೋಗಿ ಬರುವ ನೌಕೆಯೊಂದರಲ್ಲಿ ಸುಮ್ಮನೆ ಸುತ್ತುತ್ತಿರುತ್ತಾಳೆ. ಹೊರಗೆ ಹತ್ತು ವರ್ಷ ಕಳೆದರೆ ಅವಳಿಗೆ ಸುಮಾರು ಒಂದು ತಿಂಗಳು. ಪ್ರೀತಿಸಿದವನನ್ನು ದೂರ ಮಾಡಿದ ನಿಯಮವನ್ನೇ ಅವಳು ಅವನನ್ನು ಮತ್ತೆ ಸೇರಲು ಬಳಸುತ್ತಾಳೆ.

ನಮ್ಮ ಅಣ್ಣನೂ ಹೀಗೆ ಮಾಡಬಹುದೇ? ಕಾದಂಬರಿಯ ಸೈನಿಕರು ವಿಶೇಷ ಕವಚದೊಳಗೆ ಮಲಗಿ ಭೂಮಿಯ ಸೆಳೆತದ ಎಷ್ಟೋ ಪಟ್ಟು ಒತ್ತಡ ತಾಳುತ್ತಾರೆ, ಅದರಿಂದ ಕಡಿಮೆ ದೂರದಲ್ಲೇ ಬೆಳಕಿನ ವೇಗದ ಸಮೀಪಕ್ಕೆ ಹೋಗಬಲ್ಲರು. ಬರಿಮೈಗೆ ಹಿತವಾಗುವ ವೇಗವೃದ್ಧಿಯಲ್ಲಿ ಐದು ಜ್ಯೋತಿರ್ವರ್ಷದ ಸುತ್ತು ಸಾಲದು. ಅಂಥ ಒಂದು ಸುತ್ತಿಗೆ ಭೂಮಿಯಲ್ಲಿ 13.3 ವರ್ಷ, ಅವನಿಗೆ ಏಳೂವರೆ ವರ್ಷ. ವೇಗ ಏರಿ ಲಾಭ ಸಿಗುವ ಹೊತ್ತಿಗೆ ಇಳಿಸಲು ಶುರು ಮಾಡಬೇಕಾಗುತ್ತದೆ. 86 ವರ್ಷ ಹೀಗೆ ಕಾದರೆ ತಂಗಿ ಬರುವಾಗ ಅವನಿಗೆ 73. ತಂಗಿಯ ವಯಸ್ಸಿನವನಾಗಿಯೇ ಅವಳನ್ನು ಎದುರುಗೊಳ್ಳಬೇಕಿದ್ದರೆ ಅವನೂ ಅವಳಷ್ಟೇ ದೂರ, 40 ಜ್ಯೋತಿರ್ವರ್ಷ, ಹೋಗಿ ಬರಬೇಕು. ದಿಕ್ಕು ಯಾವುದಾದರೂ ಸರಿ, ಟ್ರಾಪಿಸ್ಟಿನ ಕಡೆಗೇ ಹೋಗಬೇಕೆಂದಿಲ್ಲ. ಆದರೆ ಅವಳು ಹೊರಟ ಆಸುಪಾಸಿನಲ್ಲೇ ಹೊರಡಬೇಕು. ಹತ್ತು ವರ್ಷ ಯೋಚಿಸಿ ಹೊರಟರೆ ಆ ಹತ್ತು ವರ್ಷ ಅವನ ವಯಸ್ಸಿಗೆ ಸೇರಿಯಾಗಿರುತ್ತದೆ, ವಾಪಸ್ ಬರುವುದೂ ಅವಳಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ.